ತಟಸ್ಥ

ಕೋಯಿಪಾಡಿ ಕಡಪ್ಪುರಕ್ಕೆ ಮೂರು ಗಂಟೆಗೆ
ಲೋಕ ಬರುತ್ತದೆ, ನನ್ನ ಕಂಕುಳಲ್ಲಿ ಮಡಚಿಕೊಂಡು.
ಐಸು ಪ್ಲಾಂಟಿನ ಲೆಕ್ಕ ಬರೆಯುವವಳು ನಾನು;
ಇಲ್ಲಿ ಮಾತ್ರ ‘ಟೀಚರ್’.
ಬೆಳಗಿನ ಮಲಯಾಳ ಪೇಪರು,
ಮಂಗಳೂರಿನ ಬಸ್ಸಿಳಿದ ಕನ್ನಡದ್ದು,
ಎರಡನ್ನೂ ಹೊಯಿಗೆಯ ಮೇಲೆ ಹಾಸಿ
ಗಾಳಿಗೆ ಹಾರದಂತೆ ಬಲೆಯ ಸೀಸದ ಗುಂಡು ಇಟ್ಟು
ಓದುತ್ತೇನೆ.
ಕೇಳುವವರ ಕಣ್ಣು ಹರಿದ ಕಣ್ಣಿಗಳ ಮೇಲೆ.

ದೂಮಣ್ಣನಿಗೆ ತುಳುವಿನಲ್ಲಿ ಹೇಳಬೇಕು,
ಚಿರುತಮ್ಮನಿಗೆ ಮಲಯಾಳದಲ್ಲಿ.
ಅಂದುಂಞಿಕ್ಕನಿಗೆ ಯಾವುದರಲ್ಲಿ ಹೇಳಿದರೂ
ಇನ್ನೊಂದರಲ್ಲಿ ಜಗಳಕ್ಕೆ ಬರುತ್ತಾರೆ.

ಭೂಮಿಯ ಬುಡದಲ್ಲಿ, ಒಂದು ತಾಲೂಕಿನಷ್ಟು ಅಗಲದ ಮಂಜುಗಡ್ಡೆ
ಕಳಚಿ ಕಡಲಿಗೆ ಹೊರಟಿತಂತೆ, ಅಂದೆ ಒಂದು ದಿನ.
‘ಬ್ಲಾಕಿಗೆ ಎಷ್ಟಂತೆ ರೇಟು?’ ಅಂದರು ಅಂದುಂಞಿಕ್ಕ.
ನಕ್ಕೆವು. ನಾನು ಮನಸ್ಸಿನಲ್ಲೇ ಗುಣಿಸಿ
ಸೊನ್ನೆಗಳಲ್ಲಿ ದಾರಿ ತಪ್ಪಿದೆ.
‘ಕರಗಿದ ನೀರು ಎಲ್ಲಿಗೆ ಹೋಗುವುದು?’
ದೂಮಣ್ಣ ಕೇಳಿದ್ದು ಅಷ್ಟೆ.
ಹೋದ ಮಳೆಗಾಲ ಕಡಲು ಅರ್ಧ ತಿಂದು ಬಿಟ್ಟ
ತೆಂಗಿನ ಬುಡದ ಕಡೆ
ಎಲ್ಲರೂ ಒಮ್ಮೆ ನೋಡಿ
ಮತ್ತೆ ದಾರ ಹಿಡಿದರು.

ಆಮೇಲೆ ಆ ಹಡಗು.
ಎಲ್ಲಿಯದೋ ಕಾಲುವೆಗೆ ಅಡ್ಡ ಬಿದ್ದು
ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ
ಇಡೀ ಲೋಕದ ಊಟ ನಿಲ್ಲಿಸಿದ್ದು.
ಹಿಂದೆ ಮುಂದೆ ನೂರಾರು ಹಡಗುಗಳ ಸಾಲು.
ಪರಿಣತರು ಅಗೆಯುತ್ತಿದ್ದಾರೆ, ಎಳೆಯುತ್ತಿದ್ದಾರೆ,
ವಾರಗಳೇ ಬೇಕಾದೀತು ಎಂದು ಓದಿದೆ.
‘ಅಳಿವೆ ಬಾಯಿಯಲ್ಲಿ ನಮ್ಮ ದೋಣಿ ಕೂತರೆ ಎಂತ ಮಾಡ್ತೇವೆ?’
ದೂಮಣ್ಣ ಸೂಜಿ ಎತ್ತಿ ಆಕಾಶ ತೋರಿಸಿದ.
‘ಹುಣ್ಣಿಮೆ ಬರಲಿ. ಉಬ್ಬರವೇ ಎತ್ತಿ ಕೊಡ್ತದೆ.’

ಚಿರುತಮ್ಮ ಕೇಳಿದ್ದು ಬೇರೆ.
ಆ ಸಾಲಿನಲ್ಲಿ ಎಷ್ಟನೆಯದೋ ಒಂದರಲ್ಲಿ
ಅವಳ ತಂಗಿಯ ಮಗ ಸುಗುಣನ್ ಅಡುಗೆಯವನು.
‘ಕಾದು ನಿಂತವರು ಎಂತ ತಿಂತಾರೆ ಅಂತ ಹಾಕಿದ್ದಾರಾ?’
ಎರಡೂ ಪೇಪರು ಹುಡುಕಿದೆ.
ಸಾಮಾನಿನ ಬೆಲೆ ಇತ್ತು, ತೈಲದ ದರ ಇತ್ತು,
ಹಡಗಿನ ಉದ್ದ ಎಷ್ಟು ಫುಟ್ಬಾಲ್ ಮೈದಾನ ಅಂತಲೂ ಇತ್ತು.

ಹುಣ್ಣಿಮೆ ಬಂತು. ಹಡಗು ಎದ್ದಿತು.
ಚಂದ್ರನ ಹೆಸರು ಒಂಬತ್ತನೆಯ ಸಾಲಿನಲ್ಲಿ,
ದೂಮಣ್ಣನದು ಎಲ್ಲಿಯೂ ಇಲ್ಲ.
ಅವನೇನೂ ಕೇಳಲಿಲ್ಲ; ಬೀಡಿ ಹಚ್ಚಿದ.

ಈಗ ಯುದ್ಧ. ದಿನವೂ ಅದೇ ಪುಟ.
ಇಬ್ಬರ ನಡುವಿನ ಒಂದು ಸಣ್ಣ ದೇಶ
ಯಾರ ಕಡೆಗೂ ಇಲ್ಲವಂತೆ.
ಮಲಯಾಳ ಪೇಪರಿನಲ್ಲಿ ‘ನಿಷ್ಪಕ್ಷ’.
‘ಪಕ್ಷ ಅಂದರೆ ರೆಕ್ಕೆ,’ ಅಂದರು ಅಂದುಂಞಿಕ್ಕ,
‘ರೆಕ್ಕೆ ಕಿತ್ತ ಕೋಳಿಯಾ ಅದು?’
ಕನ್ನಡದ್ದರಲ್ಲಿ ‘ತಟಸ್ಥ’.
‘ಹಾಗೆಂದರೆ?’
ತಟ, ದಡ. ದಡದಲ್ಲಿ ನಿಂತವನು, ಅಂದೆ.

ಕೈಗಳು ನಿಂತವು.
ಗಾಳಿ ಪೇಪರಿನ ಅಂಚು ಎತ್ತಿ ಎತ್ತಿ ನೋಡಿತು.
‘ದಡದಲ್ಲಿ ನಿಂತವನಿಗೆ ಸಂಬಂಧ ಇಲ್ಲ ಅಂತಲಾ?’
ಚಿರುತಮ್ಮನ ದನಿ ಏರಿತ್ತು.
‘ಕೈರಂಪಣಿ ಹಾಕುವಾಗ ಹಗ್ಗದ ತುದಿ ಯಾರ ಕೈಯಲ್ಲಿ ಟೀಚರೇ?
ದೋಣಿ ಬಾರದ ರಾತ್ರಿ
ಲಾಟೀನು ಹಿಡಿದು ನಾನು ನಿಂತದ್ದು ಎಲ್ಲಿ?
ಬರೆ, ಪೇಪರಿನವರಿಗೆ ಬರೆ.’

ಐಸಿನ ಬಿಲ್ಲಿನ ಹಿಂಬದಿಗೆ ಬರೆದೆ.
ಮಾನ್ಯರೇ,
ತಾವು ಬಳಸಿದ ಪದಕ್ಕೆ ನಮ್ಮ ಆಕ್ಷೇಪವಿದೆ.
ದಡದಲ್ಲಿ ನಿಂತವರು ನಾವು.
ನಮ್ಮ ಅಂಗೈಗಳನ್ನು ಬಂದು ನೋಡಬಹುದು.
ಬಸ್ಸು ನಿಲ್ದಾಣದಿಂದ ಪಡುವಣಕ್ಕೆ, ಹಳಿ ದಾಟಿದ ಮೇಲೆ
ಯಾರನ್ನು ಕೇಳಿದರೂ ಹೇಳುತ್ತಾರೆ.
ಕೆಳಗೆ ಮೂರು ಲಿಪಿಯ ಸಹಿ,
ಒಂದು ಹೆಬ್ಬೆಟ್ಟು, ಒಂದಿಷ್ಟು ಮೀನಿನ ವಾಸನೆ.

ಹದಿನೆಂಟು ದಿನ ಆಯಿತು.
ವಾಚಕರ ವಾಣಿಯನ್ನು ಮೊದಲು ಬಿಡಿಸುತ್ತೇನೆ,
ಯುದ್ಧವನ್ನು ಆಮೇಲೆ.
ರಸ್ತೆಯ ಗುಂಡಿ ಬಂದಿದೆ, ನಾಯಿ ಕಾಟ ಬಂದಿದೆ.
‘ಬಂತಾ?’ ಅನ್ನುತ್ತಾಳೆ ಚಿರುತಮ್ಮ.
ಇಲ್ಲ.
ದೂಮಣ್ಣ ತಲೆ ಎತ್ತುವುದಿಲ್ಲ.
ಗಂಟು ಬಿಗಿದು, ಹಲ್ಲಿನಲ್ಲಿ ದಾರ ಕಡಿದು,
‘ಹುಣ್ಣಿಮೆ ಬರಲಿ’ ಅನ್ನುತ್ತಾನೆ.