ಕೊಸರು

ತೂಕ-ಅಳತೆ ಇಲಾಖೆ. ನಸುಕಿನ ನಾಲ್ಕೂವರೆ. ಮಂಗಳೂರು ದಕ್ಕೆ.
ವರ್ಷಕ್ಕೊಮ್ಮೆ ಬಂದು
ತಕ್ಕಡಿಗಳ ನಾಡಿ ಹಿಡಿಯುವುದು ನನ್ನ ಕೆಲಸ.
ಪೆಟ್ಟಿಗೆಯಲ್ಲಿ ಹಿತ್ತಾಳೆ ಬಟ್ಟುಗಳು, ಚಿಮಟ, ಮುದ್ರೆಯ ಅಚ್ಚು.
ಮೂಗಿಗೆ ಕರವಸ್ತ್ರ.
ತಿಪಟೂರಿನವನಿಗೆ ಆರು ವರ್ಷವಾದರೂ ಒಗ್ಗದ ವಾಸನೆ.

ಜಲಜಾ ಪುತ್ರನ್ ಅವರ ತಕ್ಕಡಿ
ಖಾಲಿ ಬಟ್ಟಲಿಗೆ ನಲವತ್ತು ಗ್ರಾಂ ತೋರಿಸುತ್ತಿತ್ತು.
ಒರೆಸಿದೆ. ಕವುಚಿ ಹಾಕಿದೆ. ಅಂಟಿದ ಹುರುಪೆ ಕೆರೆದೆ.
ಕಾಲಿನಡಿ ರಟ್ಟು ಮಡಚಿಟ್ಟು ಸಮ ಮಾಡಿದೆ.
ಹೊಳೆಯ ಗಾಳಿಗೆ ಅಂಗೈ ಅಡ್ಡ ಹಿಡಿದೆ.
ನಲವತ್ತು.
ಕೆಂಪು ಅಂಕಿ, ಬೆಕ್ಕಿನ ಕಣ್ಣಿನ ಹಾಗೆ,
ರೆಪ್ಪೆ ಬಡಿಯದೆ.

‘ಏನೂ ಇಲ್ಲವಲ್ಲ’ ಎಂದೆ.
‘ಇಲ್ಲ ಅಲ್ಲ ಸಾರ್, ಉಂಟು.
ಕಾಣುವುದಿಲ್ಲ ಅಷ್ಟೆ.’

ಉಂಟು.
ನಾವು ‘ಇದೆ’ ಎಂದು ಬೆರಳು ತೋರಿಸುತ್ತೇವೆ.
ಇವರ ‘ಉಂಟು’ವಿಗೆ ಬೆರಳು ಬೇಕಿಲ್ಲ.

ಹಿಂದಿನ ಭಾನುವಾರ ಪಿಲಿಕುಳದ ತಾರಾಲಯದಲ್ಲಿ
ಒರಗುಕುರ್ಚಿಯ ಮೇಲೆ ಮಲಗಿ ಕೇಳಿದ್ದೆ:
ನಕ್ಷತ್ರಗಳ ಊರಿನಲ್ಲಿ ಅಂಚಿನ ಮನೆಯವರು ಓಡುವ ಓಟಕ್ಕೆ
ಎಂದೋ ಚೆಲ್ಲಾಪಿಲ್ಲಿ ಆಗಬೇಕಿತ್ತಂತೆ.
ಆಗಿಲ್ಲ.
ಯಾವುದೋ ಭಾರ ಹಿಡಿದುಕೊಂಡಿದೆ.
ಬೆಳಕು ಕೊಡದ್ದು, ನೆರಳೂ ಬೀಳದ್ದು,
ನಮ್ಮ ಮೈಯೊಳಗಿಂದ ಹಾದುಹೋಗುವಾಗ
‘ಸ್ವಲ್ಪ ಜಾಗ’ ಎಂದೂ ಕೇಳದ್ದು.

ಲೆಕ್ಕ ಅಲ್ಲೇ ಬಾಯಿಪಾಠವಾಯಿತು, ಕಸುಬು ಹಾಗೆ.
ಒಂದು ಕಿಲೋ ಲೋಕ ತೂಗಿದರೆ
ಇನ್ನೂರೆಪ್ಪತ್ತು ಗ್ರಾಂ ಆ ಕತ್ತಲ ದ್ರವ್ಯ.
ಆರುನೂರ ಎಂಬತ್ತು, ಎಲ್ಲವನ್ನೂ ದೂರ ತಳ್ಳುವ ಇನ್ನೊಂದೇನೋ;
ಹೆಸರಿಟ್ಟಿದ್ದಾರೆ, ಗುರುತು ಸಿಕ್ಕಿಲ್ಲ.
ಮಿಕ್ಕ ಐವತ್ತು ನಾವು:
ಸೂರ್ಯ, ಗುರುಪುರ ಹೊಳೆ, ಬೆಂಗ್ರೆಯ ದೋಣಿ,
ಸ್ಟಾರ್ಟ್ ಆಗದ ಇಲಾಖೆಯ ಜೀಪು.
ಐವತ್ತೆಂದರೆ
ಒಂದು ಬೂತಾಯಿ.

ಇದನ್ನೆಲ್ಲ ಜಲಜಕ್ಕನಿಗೆ ಹೇಳಿದೆ. ಯಾಕೆ ಹೇಳಿದೆನೋ.
ಐಸು ಬಾಚುತ್ತಿದ್ದವರು ನಿಂತರು.
‘ಕಿಲೋ ಅಂತ ಹೇಳಿ ಒಂದು ಮೀನು ಕೊಡುವುದಾ?
ಮೊದಲು ಆ ಅಂಗಡಿಗೆ ಕೇಸು ಹಾಕಿ ಮಾರಾಯ್ರೆ.
ಅವರ ತಕ್ಕಡಿಗೆ ಮುದ್ರೆ ಒತ್ತಿದ್ದು ಯಾರು?’

ಆಮೇಲೆ, ಬುಟ್ಟಿಯ ಕಡೆ ತಿರುಗಿ,
‘ಕಡೆಗೆ ಎಂತ ಆಗ್ತದಂತೆ ಎಲ್ಲ?’

ಹಿಂದೆಲ್ಲ, ಎಳೆದು ತರುತ್ತಾರೆ ಅಂದುಕೊಂಡಿದ್ದರು ಎಂದೆ,
ನಿಮ್ಮ ಕೈರಂಪಣಿಯ ಹಾಗೆ: ಎರಡು ಸಾಲು ಜನ, ಹಗ್ಗ, ದಡ,
ಬಲೆಯ ಹೊಟ್ಟೆಯಲ್ಲಿ ಎಲ್ಲ ಒತ್ತಾಗಿ, ಮಿಣಮಿಣ.
ಈಗ ಹಾಗೆನ್ನುವವರು ಕಡಿಮೆ.
ಹಗ್ಗ ಬಿಡುತ್ತಲೇ ಇರುವುದಂತೆ.
ಆಳಕ್ಕೆ ಹೋದ ಬೋಟುಗಳ ದೀಪ ಒಂದೊಂದೇ ಅಂಚು ದಾಟಿ,
ಪಕ್ಕದ ಬೋಟಿಗೂ ಕೂಗು ಮುಟ್ಟದಷ್ಟು ದೂರ,
ಆಮೇಲೆ ಡೀಸೆಲ್ ಮುಗಿದು,
ಆಮೇಲೆ ಬರೀ ತಣ್ಣಗೆ.

‘ಎಷ್ಟು ತಣ್ಣಗೆ?’

ಈ ಐಸು ಬೆಂಕಿ ಅನಿಸುವಷ್ಟು.

‘ಹಾಗಾದರೆ,’ ಎಂದರು ಸ್ವಲ್ಪ ಹೊತ್ತು ಬಿಟ್ಟು,
‘ಮೀನು ಹಾಳಾಗುವುದಿಲ್ಲ.’

ನಾನು ನಗಲಿಲ್ಲ, ಅವರೂ.
ಕರಗಿದ ನೀರು ತಕ್ಕಡಿಯಡಿಯಿಂದ ನುಸುಳಿ
ನನ್ನ ಚಪ್ಪಲಿ ತೋಯಿಸಿ
ಹೊಳೆಗಿಳಿಯುತ್ತಿತ್ತು.

ನಿಯಮ: ಖಾಲಿ ಬಟ್ಟಲು ಸೊನ್ನೆ ತೋರಿಸತಕ್ಕದ್ದು.
ತಿರಸ್ಕರಿಸಿ ಚೀಟಿ ಅಂಟಿಸಬಹುದಿತ್ತು.
ಒಂದು ಗುಂಡಿ ಇರುತ್ತದೆ, ಎಡಕ್ಕೆ,
ಒತ್ತಿದರೆ, ಇದ್ದದ್ದನ್ನೆಲ್ಲ ಇಲ್ಲವೆಂದುಕೊಂಡು
ಅಲ್ಲಿಂದಲೇ ಎಣಿಕೆ ಶುರು.
ಒತ್ತಿದೆ. ಸೊನ್ನೆ.
ನಲವತ್ತು ಗ್ರಾಂ ಎಲ್ಲಿ ಹೋಗುತ್ತದೆ, ಅಲ್ಲೇ ಉಂಟು,
ಸೊನ್ನೆಯ ಹೊಟ್ಟೆಯಲ್ಲಿ.

ಬಟ್ಟುಗಳನ್ನು ಇಟ್ಟು ನೋಡಿದೆ. ಇನ್ನೂರು, ಐನೂರು, ಒಂದು ಕಿಲೋ. ಸರಿ.
ಸೀಸದ ಬಿಲ್ಲೆಗೆ ಅಚ್ಚು ಹೊಡೆದೆ.
ಒಂದು ವರ್ಷಕ್ಕೆ ಮಾತ್ರ ಮಾನ್ಯ.
ಅದರಾಚೆಗೆ ಯಾವುದಕ್ಕೂ ಮುದ್ರೆ ಹೊಡೆಯುವ ಅಧಿಕಾರ
ನನ್ನ ದರ್ಜೆಯವರಿಗಿಲ್ಲ.

ಬೆಂಗ್ರೆಯ ಮೇಲೆ ಆಕಾಶ ತಿಳಿಯಾಗುತ್ತಿತ್ತು.
ಮೊದಲ ಗಿರಾಕಿ, ಹೋಟೆಲಿನ ಹುಡುಗ, ಚೀಲ ಬಿಡಿಸಿದ.
ಕಿಲೋ ಬೂತಾಯಿ. ಕೆಂಪು ಅಂಕಿ ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ಚೀಲಕ್ಕೆ ಸುರಿದ ಮೇಲೆ ಜಲಜಕ್ಕ
ನೋಡದೆಯೇ ಬುಟ್ಟಿಗೆ ಕೈಹಾಕಿ
ಇನ್ನೊಂದನ್ನು ಎಸೆದರು.

ನಮ್ಮ ಕಡೆ ಇದಕ್ಕೆ ಕೊಸರು ಅಂತೀವಿ ಎಂದೆ,
ತೂಕ ಮುಗಿದ ಮೇಲೆ ಬೀಳುವುದು,
ಕೇಳುವ ಹಕ್ಕಿಲ್ಲ, ಬರೆಯುವ ಕಾಲಂ ಇಲ್ಲ.

ಒಂದೇ ಒಂದು. ಹೊಟ್ಟೆಯ ಕಡೆ ಬೆಳ್ಳಗೆ ಮಿಂಚಿ
ಚೀಲದ ಕತ್ತಲಿಗೆ ಜಾರಿತು.
ಐವತ್ತು ಗ್ರಾಂ ಇದ್ದೀತು.
ತೂಗಲಿಲ್ಲ.