ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲು

ಮೇಘನಾ ನದಿ ಮೂರು ಸಲ ನುಂಗಿ
ಮೂರು ಸಲ ಉಗುಳಿದ ಮರಳುದಿಬ್ಬ.
ಅದರ ಮೇಲೆ ಹನ್ನೊಂದು ತಗಡಿನ ಮನೆ.
ದೋಣಿಯಿಂದ ಇಳಿದಳು ಮೊರ್ಜಿನಾ,
ಸೀರೆಯಂಚಿಗೆ ಕೆಸರು, ಬಗಲಲ್ಲಿ ರಿಜಿಸ್ಟರು.

ಐದನೆಯ ಮನೆಯ ಜೊಯ್ಗುನಳ ಮಡಿಲಲ್ಲಿ ಸೊಹ್ರಾಬ್, ಎರಡು ವರ್ಷ.
ನಿನ್ನೆ ಸಂಜೆಯಿಂದ
ಅಕ್ಕಿ ತೊಳೆದ ನೀರಿನಂತೆ ಹರಿದುಹೋಗುತ್ತಿದ್ದಾನೆ.
ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದಂತೆಯೇ ನಿಲ್ಲುತ್ತದೆ.
ಅಳುತ್ತಾನೆ; ಕಣ್ಣಲ್ಲಿ ನೀರಿಲ್ಲ.
ಸುತ್ತ ನೀರೇ ನೀರು, ಹೊಸಿಲ ತನಕ ನದಿ.
ಕುಡಿಸಿದ್ದೆಲ್ಲ ಹೊರಗೆ, ಅನ್ನುತ್ತಾಳೆ ಅಜ್ಜಿ.

ಕರುಳಿನ ಒಂದೊಂದು ಜೀವಕೋಶಕ್ಕೂ ಒಂದು ಪೊರೆ.
ನನ್ನ ನುಡಿಯಲ್ಲಿ ಪೊರೆ ಎಂದರೆ ತೆಳು ಸಿಪ್ಪೆ,
ಪೊರೆ ಎಂದರೆ ಕಾಪಾಡು ಎಂಬ ಮೊರೆ ಕೂಡ.
ಹನ್ನೆರಡು ಸಾವಿರ ಪೊರೆ ಒಂದರ ಮೇಲೊಂದು ಪೇರಿಸಿದರೆ
ಮೊರ್ಜಿನಾಳ ರಿಜಿಸ್ಟರಿನ ಒಂದು ಹಾಳೆ.
ಕೊಬ್ಬಿನ ಎರಡು ಸಾಲು,
ಒಂದೇ ಚಾಪೆಯಲ್ಲಿ ಕಾಲಿಗೆ ಕಾಲು ತಾಗಿಸಿ ಮಲಗಿದ ಮಕ್ಕಳ ಹಾಗೆ:
ನೀರನ್ನು ಕಂಡರಾಗದ ಬಾಲಗಳು ನಡುವೆ,
ನೀರನ್ನು ಹಚ್ಚಿಕೊಂಡ ತಲೆಗಳು ಆಚೆ ಈಚೆ.
ಮೊಳೆಯಿಲ್ಲದೆ, ಹೊಲಿಗೆಯಿಲ್ಲದೆ
ಸಾರಿನ ಮೇಲಿನ ಎಣ್ಣೆಯಂತೆ ಅಲ್ಲಾಡುತ್ತಲೇ ಇರುತ್ತದೆ,
ಚೂರು ಹರಿದರೆ ತಾನೇ ಕೂಡಿಕೊಳ್ಳುತ್ತದೆ.
ಒಳಗು ಎಂಬುದೊಂದು ಇರುವುದೇ ಅದರಿಂದ.

ಉಪ್ಪು ಅದನ್ನು ದಾಟಲಾರದು, ಬಾಗಿಲು ಬೇಕು.
ಇವೆ, ಎಣ್ಣೆಯಲ್ಲಿ ತೇಲುವ ಬಾಗಿಲುಗಳು.
ಕಾಲರಾದ ವಿಷ ಒಂದು ಬಾಗಿಲಿನ ಅಗಳಿ ಕಿತ್ತಿಡುತ್ತದೆ,
ಉಪ್ಪು ಹೊರಟುಬಿಡುತ್ತದೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದನ್ನು
ತಪ್ಪು ಮಾಡಿದವರ ಗಾದೆಯೆಂದೇ ಕೇಳಿ ಬೆಳೆದವಳು ನಾನು.
ಈ ಮಗು ಏನು ಮಾಡಿತ್ತು?
ಉಪ್ಪು ಹೋದಲ್ಲಿಗೆ ನೀರು ಹೋಗುತ್ತದೆ, ಅಷ್ಟೇ.

ಇನ್ನೊಂದು ಬಾಗಿಲಿದೆ. ವಿಷಕ್ಕೆ ಅದರ ಸುಳಿವಿಲ್ಲ.
ಒಬ್ಬರೇ ಬಂದರೆ ತೆರೆಯದು.
ಉಪ್ಪಿನ ಎರಡು ಕಣ, ಸಕ್ಕರೆಯದೊಂದು
ಜೊತೆಯಾಗಿ ಬಂದು ನಿಂತರೆ
ಮೆಲ್ಲಗೆ ಒಳಮುಖ ತಿರುಗಿಕೊಳ್ಳುತ್ತದೆ.
ಹಿಂದೆಯೇ ನೀರು.

ಇದೊಂದನ್ನೂ ಮೊರ್ಜಿನಾ ಹೇಳಲಿಲ್ಲ.
ಹೇಳಿದ್ದು ಇಷ್ಟು:
ಅರ್ಧ ಸೇರು ನೀರು.
ಮೂರು ಬೆರಳಲ್ಲಿ ಉಪ್ಪು, ಮೊದಲ ಗೆರೆಯ ತನಕ.
ಒಂದು ಹಿಡಿ ಬೆಲ್ಲ. ಕದಡು.
ನಾಲಿಗೆಗೆ ಹಚ್ಚಿ ನೋಡು,
ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲು.

ಮೊದಲ ಸಲದ್ದನ್ನು ಜೊಯ್ಗುನ್ ಚೆಲ್ಲಿದಳು. ಕೈ ನಡುಗಿತ್ತು.
ಎರಡನೆಯದರ ರುಚಿ ನೋಡಿದ್ದು ಅಜ್ಜಿ;
ಕಣ್ಣೀರಿನ ರುಚಿ ಆ ಮನೆಯಲ್ಲಿ ಅವಳಿಗೇ ಚೆನ್ನಾಗಿ ಗೊತ್ತು.
ತಲೆಯಾಡಿಸಿದಳು.

ಚಮಚ. ವಾಂತಿ. ಸ್ವಲ್ಪ ಹೊತ್ತು. ಚಮಚ.
ಬುಡ್ಡಿಗೆ ಎಣ್ಣೆ ತೀರಿ ಮತ್ತೆ ಹಾಕಿದರು.
ಚಮಚ.
ಕಳೆದ ವರ್ಷ ಒಂಬತ್ತನೆಯ ಮನೆಯಲ್ಲಿ ಬೆಲ್ಲ ಇರಲಿಲ್ಲ.
ರಿಜಿಸ್ಟರಿನಲ್ಲಿ ಆ ಹೆಸರಿನ ಮೇಲೆ ಗೆರೆಯಿದೆ.
ಈಗ ಸೆರಗಿನ ಗಂಟಿನಲ್ಲಿ ಬೆಲ್ಲದ ಅಚ್ಚೊಂದನ್ನು ಕಟ್ಟಿಕೊಳ್ಳದೆ
ಮೊರ್ಜಿನಾ ದೋಣಿ ಹತ್ತುವುದಿಲ್ಲ.
ಸೀರೆಗೆಲ್ಲ ಇರುವೆ.

ಬೆಳಗಿನ ಆಜಾನಿನ ಹೊತ್ತಿಗೆ ಹುಡುಗ ಉಚ್ಚೆ ಹೊಯ್ದ,
ತಾಯಿಯ ಸೀರೆಯ ತುಂಬ.
ಕುಳಿತಲ್ಲೇ ನಿದ್ದೆಹೋಗಿದ್ದಳು, ಯಾರೂ ಎಬ್ಬಿಸಲಿಲ್ಲ.
ಆಮೇಲೆ ಚಮಚ ತಡವಾಯಿತೆಂದು ಅತ್ತ.
ಅಜ್ಜಿ ಬೆರಳಿನಿಂದ ಅವನ ಕೆನ್ನೆ ಒರೆಸಿ
ಆ ಬೆರಳನ್ನು ನಾಲಿಗೆಗೆ ಹಚ್ಚಿಕೊಂಡಳು.
ಸರಿಯಾಗಿದೆ, ಅಂದಳು.