ಬಲೆಗೊಂದು ಪಾಲು

ಹುಬ್ಬಳ್ಳಿಯ ಆಕ್ಸಿಲರೇಟರಿನಲ್ಲಿ ಹನ್ನೆರಡು ವಾರ
ಮೂರು ನಿಮಿಷದಲ್ಲಿ ಮಾತು ಮುಗಿಸಲು ಕಲಿಸಿದರು.
ಮೊದಲ ಸ್ಲೈಡಿನಲ್ಲಿ ನೋವು, ಎರಡನೆಯದರಲ್ಲಿ ಮದ್ದು,
ಆಮೇಲೆ ಮಾರುಕಟ್ಟೆ.
"ನಿಮ್ಮ ಗ್ರಾಹಕರ ನೋವು ಎಲ್ಲಿದೆ?" ಎಂದು ಕೇಳಿದರು.
ಹದಿನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿದ್ದವಳು,
ಬಾಯ್ತಪ್ಪಿ ಅಂದೆ:
ಸೊಂಟದಿಂದ ಶುರು, ಐದೈದು ನಿಮಿಷಕ್ಕೊಮ್ಮೆ.
ಯಾರೂ ನಗಲಿಲ್ಲ. ಒಬ್ಬರು ಬರೆದುಕೊಂಡರು.

ನಾವು ಮಾಡಿದ್ದು ಒಂದು ಪಟ್ಟಿ.
ಬಸುರಿಯ ಹೊಟ್ಟೆಗೆ ಕಟ್ಟಿದರೆ ಒಳಗಿನ ಕೂಸಿನ ಎದೆಬಡಿತ
ಮಣಿಪಾಲದ ಡಾಕ್ಟರ ಫೋನಿಗೆ ಹೋಗುತ್ತದೆ.
ಹೋಗಬೇಕು.
ಕಾರವಾರ ಬಿಟ್ಟ ಆಂಬುಲೆನ್ಸು ಬಿಣಗಾದ ಸುರಂಗ ಹೊಕ್ಕರೆ
ಗೆರೆ ಸತ್ತುಹೋಗುತ್ತಿತ್ತು.
ಕೂಸಲ್ಲ, ನೆಟ್‌ವರ್ಕು.
ಪಕ್ಕದಲ್ಲಿ ಕೂತ ಅತ್ತೆಗೆ ಆ ವ್ಯತ್ಯಾಸ ಹೇಳುವಷ್ಟರಲ್ಲಿ
ನನ್ನೆದೆಯೇ ನೂರಾನಲವತ್ತು ಬಡಿದಿರುತ್ತಿತ್ತು.
ಭಟ್ಕಳದ ಸುಹೈಲ ಒಂದು ಮಳೆಗಾಲವಿಡೀ ಕೂತು
ಕತ್ತಲಲ್ಲಿ ಕೇಳಿದ್ದನ್ನು ನೆನಪಿಟ್ಟುಕೊಂಡು
ಬೆಳಕಿಗೆ ಬಂದಮೇಲೆ ಹೇಳುವುದನ್ನು
ಅದಕ್ಕೆ ಕಲಿಸಿದ.

ಪುಣೆಯ ಫಂಡಿನಿಂದ ಪರಾಂಜಪೆ ಬಂದ.
ಬೈತಖೋಲದ ನಮ್ಮ ಅಡುಗೆಮನೆಯಲ್ಲೇ ಕೂತು
ಆಯಿ ಹುರಿದ ನೊಗ್ಲಿಯ ಮುಳ್ಳುಗಳನ್ನು
ತಟ್ಟೆಯಂಚಿಗೆ ಒಂದರ ಪಕ್ಕ ಒಂದು ಜೋಡಿಸುತ್ತ
"ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ?" ಅಂದ.
ಏಳು.
"ಕಡಿಮೆಯಾಯಿತು."
ಏಳಕ್ಕೆ ಹುಟ್ಟಿದ್ದನ್ನೂ ಬದುಕಿಸಿದ್ದೇವೆ, ಅಂದೆ.
ಅದು ಸ್ಲೈಡಿನಲ್ಲಿಲ್ಲದ ಮಾತು.

ಒಂದೂವರೆ ಕೋಟಿ. ಹನ್ನೆರಡು ಪರ್ಸೆಂಟು.
ಏನದು ಎಂದಳು ಆಯಿ. ಪಾಲು, ಎಂದೆ.
ಪಾಲು ಅವಳಿಗೆ ಗೊತ್ತು. ರಂಪಣಿ ಎಳೆದ ಮನೆ:
ಬಲೆಗಿಷ್ಟು, ದೋಣಿಗಿಷ್ಟು, ಹಗ್ಗ ಹಿಡಿದ ಕೈಗಿಷ್ಟು,
ಆ ವರ್ಷ ಗಂಡ ಹೋದವಳ ಬುಟ್ಟಿಗೆ
ಯಾರೂ ಎಣಿಸದ ಹಾಗೆ ಇನ್ನಷ್ಟು.
"ಅಂದರೆ ಇವನು ಬಲೆ" ಎಂದಳು ಕೊಂಕಣಿಯಲ್ಲಿ.
ಮರಾಠಿಯವನು, ಮುಕ್ಕಾಲು ತಿಳಿಯಿತು, ಖುಷಿಪಟ್ಟ.

ಆರನೇ ಪುಟದ ಸಾಲನ್ನೂ ಓದಿ ಹೇಳಿದೆ:
ಕಂಪನಿ ಮುಳುಗಿದರೆ, ಉಳಿದದ್ದನ್ನು ಮಾರಿ
ಮೊದಲು ಅವರ ಹಣ. ಮಿಕ್ಕರೆ ನಮಗೆ.
ಆಯಿ ಕೈತೊಳೆದು ಬಂದಳು.
"ಮೀನು ಬೀಳದ ದಿನ ಬಲೆಗೂ ಸೊನ್ನೆ, ಕೈಗೂ ಸೊನ್ನೆ.
ಬಲೆಯವನು ದೋಣಿಯ ಹಲಗೆ ಕಿತ್ತುಕೊಂಡು ಹೋದದ್ದು
ನಾನು ಕಂಡಿಲ್ಲ."

ಹೊರಗೆ ಬಂದರಿನಲ್ಲಿ ಐಸು ಪುಡಿಮಾಡುವ ಸದ್ದು.
ಇದು ಎಲ್ಲ ಕರಾರಿನಲ್ಲೂ ಇರುತ್ತದೆ, ಎಂದ.
ತನಗೂ ಹಣ ಕೊಟ್ಟವರಿದ್ದಾರೆ, ಎಂದ.
ಹತ್ತರಲ್ಲಿ ಏಳೆಂಟು ಉಳಿಯುವುದಿಲ್ಲ, ಎಂದ.
ಸುಳ್ಳಲ್ಲ. ಆ ದನಿ ನನಗೆ ಗೊತ್ತು.
ಬೆಳಗಿನ ಜಾವ ಮೂರಕ್ಕೆ ಲೇಬರ್ ರೂಮಿನ ಹೊರಗೆ
ಬಾಗಿಲಿಗೊರಗಿ ನಿಂತ ಗಂಡಸರಿಗೆ
ನಾನೂ ಅದೇ ದನಿಯಲ್ಲಿ ಅಂಕಿ ಹೇಳಿದ್ದೇನೆ.

ಮತ್ತೆ ಆಯಿಯೇ:
"ಹೊಟ್ಟೆ ಕೊಟ್ಟ ಹೆಂಗಸರಿಗೆ ಎಷ್ಟು?"
ಟ್ರಯಲಿನ ಮೂವತ್ತೊಂದು ಜನ. ಹಗ್ಗ ಹಿಡಿದವರು.
ನಿಯಮ ಒಪ್ಪುವುದಿಲ್ಲ, ಎಂದ ಪರಾಂಜಪೆ.
ಅದೂ ಸುಳ್ಳಲ್ಲ. ಫಾರ್ಮಿಗೆ ಅವರ ಸಹಿ ಹಾಕಿಸಿದವಳು ನಾನೇ.

ಹನ್ನೊಂದನೇ ಸ್ಲೈಡಿನ ಕೆಳಗೆ, ಚಿಕ್ಕ ಅಕ್ಷರದಲ್ಲಿ
ಇಪ್ಪತ್ತಮೂರನೆಯವಳಿದ್ದಾಳೆ.
ತೋಡೂರಿನ ವನಮಾಲಾ ಗುನಗಿ.
ಸುರಂಗ ದಾಟಿ, ಅಂಕೋಲೆ ದಾಟಿ,
ಫೋನಿನಲ್ಲಿ ನಾಲ್ಕು ಕಡ್ಡಿ ನೆಟ್‌ವರ್ಕಿದ್ದೂ
ಗೆರೆ ಮರಳಲಿಲ್ಲ.
ನಮ್ಮ ಯಂತ್ರ ಸರಿಯಾಗಿಯೇ ಕೆಲಸ ಮಾಡಿತ್ತು.
ಹುಬ್ಬಳ್ಳಿಯಲ್ಲಿ ಅದಕ್ಕೇ ಚಪ್ಪಾಳೆ ಬಿದ್ದದ್ದು.

ಸಹಿ ಹಾಕಿದೆ. ಆರನೇ ಪುಟ ಇದ್ದ ಹಾಗೇ ಇದೆ.
ಪೆನ್ನಿಗೆ ಮೀನಿನ ವಾಸನೆ ಹತ್ತಿತ್ತು,
ಅವನು ಅದನ್ನು ಒರೆಸದೆ ಜೇಬಿಗಿಟ್ಟುಕೊಂಡ.
ಬಾಣಲೆಯಲ್ಲಿ ಇನ್ನೊಂದು ತುಂಡು ಉಳಿದಿತ್ತು.
ಆಯಿ ಅದರ ಮೇಲೆ ತಟ್ಟೆ ಮುಚ್ಚಿದಳು.